ಇಟ್ಟಿಗೆ ಲಾರಿ ನಿಲ್ಲುವ ಜಾಗ

ಜಡಿಗೇನಹಳ್ಳಿಯಲ್ಲಿ ಮನೆ ಕಟ್ಟಿಸುವವರಿಗೆ ಸಾಮಾನು ತರಿಸುವ ಚಿಂತೆ ಇಲ್ಲ. ಮಾಲೂರಿನ ಇಟ್ಟಿಗೆ ಗೂಡುಗಳು ಹತ್ತಿರದಲ್ಲೇ ಇವೆ. ಫೋನ್ ಮಾಡಿದರೆ ಸಾಕು, ಲಾರಿ ಪಾಯದ ಬುಡಕ್ಕೇ ಬಂದು ಇಳಿಸಿ ಹೋಗುತ್ತದೆ. ಈ ಊರಿನಿಂದ ನಾನು ಹುಣಸೂರು ತಾಲ್ಲೂಕಿನ ಜೇನುಕುರುಬರ ಹಾಡಿಗಳಿಗೆ ಹೊರಟೆ. ಸರ್ಕಾರ ಕೊಡುವ ಮನೆ ಹಣ ಅಲ್ಲಿ ಗೋಡೆಯಾಗುವ ಬಗೆಯನ್ನು ಕಣ್ಣಾರೆ ನೋಡಬೇಕಿತ್ತು.

ಹೊಸಕೋಟೆ, ಮೆಜೆಸ್ಟಿಕ್ ದಾಟಿ ಮೈಸೂರಿನ ಬಸ್ಸು ಹತ್ತಿದೆ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಈ ಬೆಂಗಳೂರು–ಮೈಸೂರು ಹೆದ್ದಾರಿ 118 ಕಿಲೋಮೀಟರ್, ಖರ್ಚು ಸುಮಾರು 8,480 ಕೋಟಿ. ಅದೇ ವರ್ಷ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಪಿಎಂ ಜನಮನ್ ಯೋಜನೆ ಶುರುಮಾಡಿತು. ತೀರಾ ಹಿಂದುಳಿದವೆಂದು ಗುರುತಿಸಿದ 75 ಬುಡಕಟ್ಟುಗಳಿಗಾಗಿ ಅದು. ಕರ್ನಾಟಕದ ಜೇನುಕುರುಬರೂ ಕೊರಗರೂ ಅದರಲ್ಲಿದ್ದಾರೆ. 4.90 ಲಕ್ಷ ಮನೆ, ಜೊತೆಗೆ 8,000 ಕಿಲೋಮೀಟರ್ ಸಂಪರ್ಕ ರಸ್ತೆ. ರಸ್ತೆಯ ಲೆಕ್ಕ ಕಿಲೋಮೀಟರಿಗೆ ಒಂದು ಕೋಟಿ. ಇಡೀ ದೇಶದ ಈ ಹಾಡಿಗಳ ರಸ್ತೆಗೆಲ್ಲ ಸೇರಿಸಿದರೂ ನಾನು ಕೂತು ಹೋಗುತ್ತಿದ್ದ ಈ ಒಂದು ರಸ್ತೆಯ ಖರ್ಚು ಮುಟ್ಟುವುದಿಲ್ಲ. ಹತ್ತು ಪಥದ ಹೆದ್ದಾರಿಯನ್ನೂ ಹಾಡಿಯ ದಾರಿಯನ್ನೂ ಹೋಲಿಸಬಾರದು, ಒಪ್ಪುತ್ತೇನೆ. ಆದರೂ ಆ ಲೆಕ್ಕ ತಲೆಯಿಂದ ಇಳಿಯಲಿಲ್ಲ.

ಹುಣಸೂರಿನಿಂದ ನಾಗಾಪುರಕ್ಕೆ ಆಟೊ. ನಾಗರಹೊಳೆ ಕಾಡಿನ ಹಾಡಿಗಳನ್ನು ಬಿಟ್ಟು 1999ರ ನಂತರ ಹೊರಬಂದ ಕುಟುಂಬಗಳ ಪುನರ್ವಸತಿ ಕೇಂದ್ರ ಇದು. ತಲಾ ಐದೆಕರೆ ಜಮೀನು, ಒಂದು ಮನೆ ಎಂದು ಲೆಕ್ಕ. ಆಶ್ರಮ ಶಾಲೆ, ಕರೆಂಟು, ಡಾಂಬರು ಎಲ್ಲ ಬಂದಿದೆ. ಅದನ್ನು ಕಡೆಗಣಿಸಿ ಬರೆಯುವುದು ಅನ್ಯಾಯ. ನಾನು ಒಳಹೊಕ್ಕ ಮನೆಯ ಸ್ಲ್ಯಾಬಿನಲ್ಲಿ ಮಾತ್ರ ಕಾಂಕ್ರೀಟು ಹೊಪ್ಪಳೆ ಎದ್ದು, ತುಕ್ಕು ಹಿಡಿದ ಕಂಬಿ ಕಾಣುತ್ತಿತ್ತು. ಮೇಲೆ ನೀಲಿ ಟಾರ್ಪಾಲು, ಅದು ಹಾರದಂತೆ ಹಳೇ ಟೈರು, ಕಲ್ಲು. “ಮಳೆ ಬಂದ್ರೆ ಮಂಚ ಯಾವ ಮೂಲೆಗೆ ಎಳೀಬೇಕು ಅಂತ ಮಕ್ಕಳಿಗೂ ಗೊತ್ತು ಕಣಪ್ಪ” ಎಂದರು ಆ ಮನೆಯ ಅಜ್ಜಿ. ಕಟ್ಟಿಕೊಡುವುದಕ್ಕೆ ಹಣ ಇಟ್ಟವರು ಇಪ್ಪತ್ತೈದು ವರ್ಷದ ರಿಪೇರಿಗೆ ಇಡಲಿಲ್ಲ. ಹೀಗೆ ಕಾಡು ಬಿಟ್ಟವರ ಸ್ಥಿತಿ ನೋಡಲು ಹೈಕೋರ್ಟ್ ಆದೇಶದಂತೆ ರಚನೆಯಾದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ವರದಿ ಕೊಟ್ಟಾಗ, ಪುನರ್ವಸತಿಗೆಂದು ಗುರುತಿಸಿದ್ದು 3,418 ಕುಟುಂಬಗಳನ್ನು.

ಮಾರನೆ ದಿನ ಕಾಡಂಚಿನ ಇನ್ನೊಂದು ಹಾಡಿಗೆ ಹೋದೆ. ಡಾಂಬರು ಮುಗಿಯುವಲ್ಲಿ ಸಿಮೆಂಟು ಮೂಟೆಗಳನ್ನು ಪೇರಿಸಿದ್ದರು. ಲಾರಿ ಮುಂದಕ್ಕೆ ಬರುವುದಿಲ್ಲ. ಅಲ್ಲಿಂದಾಚೆ ಜೀಪು ಸಿಕ್ಕಿದರೆ ಜೀಪು, ಇಲ್ಲದಿದ್ದರೆ ತಲೆಹೊರೆ. ಜನಮನ್ ಮನೆಯೊಂದಕ್ಕೆ 2.39 ಲಕ್ಷ: ಮನೆಗೆ ಎರಡು ಲಕ್ಷ, ಶೌಚಾಲಯಕ್ಕೆ 12,000, ಉಳಿದದ್ದು ನರೇಗಾ ಕೂಲಿ. ಕಂತು ಬೀಳಬೇಕಾದರೆ ಆಯಾ ಹಂತದ ಫೋಟೊ ಮೊಬೈಲಿನಿಂದ ಅಪ್‌ಲೋಡ್ ಆಗಬೇಕು. ಲಿಂಟಲ್ ಮಟ್ಟಕ್ಕೆ ನಿಂತ ಮನೆಯ ಮುಂದೆ ಅಕ್ಕನೊಬ್ಬಳು ಹೇಳಿದಳು: “ಇಟ್ಗೆಗೆ ಕೊಟ್ಟಷ್ಟೇ ಅದನ್ನ ಇಲ್ಲಿಗೆ ತರೋಕೂ ಆಯ್ತು ಸಾರ್. ಮೋಲ್ಡಿಗೆ ಏನು ಮಾಡೋದು?”

ಜಡಿಗೇನಹಳ್ಳಿಯಲ್ಲೂ ಈ ಹಾಡಿಯಲ್ಲೂ ಎರಡು ಲಕ್ಷ ಒಂದೇ ಅಲ್ಲ. ದಾರಿ ಇಲ್ಲದ ಕಡೆ ಮನೆಯ ಹಣವೇ ದಾರಿಯ ಖರ್ಚಾಗಿ ಕರಗುತ್ತದೆ. ಆದ್ದರಿಂದ ಮೊದಲು ರಸ್ತೆ, ಆಮೇಲೆ ಮನೆ ಎಂಬ ಹಟ ನನ್ನದು.

“ಅರಣ್ಯ ಜಾಗ, ರಸ್ತೆ ಆಗಲ್ಲ ಅಂತಾರೆ” ಎಂದ ಜೊತೆಗಿದ್ದ ಹುಡುಗ. ಆಗುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮು ಶಾಲೆ, ಅಂಗನವಾಡಿ, ಕುಡಿಯುವ ನೀರು, ವಿದ್ಯುತ್ ತಂತಿ, ರಸ್ತೆ ಹೀಗೆ 13 ಸೌಕರ್ಯಗಳಿಗೆ ಅರಣ್ಯ ಭೂಮಿ ಕೊಡಬಹುದು ಎನ್ನುತ್ತದೆ. ಪ್ರತಿಯೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಜಾಗ, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯಬಾರದು, ಗ್ರಾಮಸಭೆಯ ಶಿಫಾರಸು ಬೇಕು. ಮನೆ ಆ ಪಟ್ಟಿಯಲ್ಲಿಲ್ಲ. ವಾಸದ ಜಾಗಕ್ಕೆ ಬೇರೆಯಾಗಿ ಹಕ್ಕುಪತ್ರ ಬೇಕು.

ಕಡ್ಡಿಯಿಂದ ನೆಲದ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಮೂರು ಮೀಟರ್ ಅಗಲದ ದಾರಿಯಾದರೆ ಆ ಒಂದು ಹೆಕ್ಟೇರಿನೊಳಗೇ ಮೂರು ಕಿಲೋಮೀಟರ್ ಉದ್ದ ಸಿಗುತ್ತದೆ. ಸಿಮೆಂಟು ಪೇರಿಸಿದ್ದ ಜಾಗ ಅಷ್ಟು ದೂರವಿರಲಿಲ್ಲ. ಗ್ರಾಮಸಭೆಯ ಠರಾವು ಹೇಗೆ ಬರೆಯುವುದು ಎಂದು ಹುಡುಗ ಕೇಳಿದ. ಅವನ ನೋಟ್‌ಬುಕ್ಕಿನಲ್ಲಿ ಕಲಮಿನ ಸಂಖ್ಯೆ ಬರೆದುಕೊಟ್ಟು, ಅಕ್ಕನ ಮನೆಗೆ ಬರುವ ದಾರಿಯನ್ನೇ ಮೊದಲು ಹಾಕಿ ಎಂದೆ.