ಗೀರೋ, ಬಿರುಕೋ

ನಮ್ಮ ಸೀಮೆಯಲ್ಲಿ ವಾಚಿನ ಗ್ಲಾಸು ನೋಡಿಯೇ ಕಟ್ಟಿಕೊಂಡವರ ಕಸುಬನ್ನು ಹೇಳಿಬಿಡಬಹುದು. ಅಜ್ಜಂಪುರದ ಈರುಳ್ಳಿ ಬೆಳೆಗಾರರ ಗ್ಲಾಸಿನ ತುಂಬ ಎಳೆಎಳೆಯಾದ ಗೀರು. ಮಣ್ಣು ಮೆತ್ತಿದ ಚೀಲ ಎತ್ತಿ ಇಳಿಸುವಾಗ ಬಿದ್ದದ್ದು. ಕಡೂರಿನ ಕಡೆ ರಾಗಿ ಒಕ್ಕುವವರದ್ದು ಧೂಳು ತಿಂದು ಮಂಜಾಗಿರುತ್ತದೆ. ತರೀಕೆರೆಯ ಅಡಿಕೆಯವರದ್ದು ಅಂಚಿನಲ್ಲಿ ಮುಕ್ಕಾಗಿರುತ್ತದೆ. ಮೂರೂರಿನಲ್ಲೂ ಫಳಫಳ ಹೊಳೆಯುವುದು ಮೇಷ್ಟ್ರುಗಳ ವಾಚು ಮಾತ್ರ. ಸೀಮೆಸುಣ್ಣದಷ್ಟು ಸಾಧು ಪದಾರ್ಥ ಇನ್ನೊಂದಿಲ್ಲ.

ನನ್ನ ಕೈಯಲ್ಲಿರುವುದು ಅಪ್ಪನ ಎಚ್‌ಎಂಟಿ ಜನತಾ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆಯ ಕೂಸು. ಒಂದು ಕಾಲಕ್ಕೆ ಅಳಿಯನಿಗೆ ಕೊಡುವುದೂ ಎಚ್‌ಎಂಟಿಯೇ, ರಿಟೈರಾದವರಿಗೆ ಕೊಡುವುದೂ ಎಚ್‌ಎಂಟಿಯೇ. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚುವ ತೀರ್ಮಾನ ಮಾಡಿತು. ವಾಚುಗಳಿಗೆ ಆ ಸುದ್ದಿ ಇನ್ನೂ ಮುಟ್ಟಿದಂತಿಲ್ಲ; ಬೆಳಗ್ಗೆ ಕೀ ಕೊಟ್ಟರೆ ಮರುದಿನ ಬೆಳಗಿನತನಕ ಓಡುತ್ತವೆ.

ಅಪ್ಪನ ಈ ವಾಚಿನ ಗ್ಲಾಸು ಹಳದಿಗಟ್ಟಿ ಏಳೋ ಒಂದೋ ಗೊತ್ತಾಗದ ಸ್ಥಿತಿಗೆ ಬಂದಾಗ, ಬೆಂಗಳೂರಿನಿಂದ ಬಂದಿದ್ದ ಅಣ್ಣನ ಮಗ ಸಲಹೆ ಕೊಟ್ಟ. "ಚಿಕ್ಕಪ್ಪ, ಈ ಪ್ಲಾಸ್ಟಿಕ್ ಕಿತ್ತು ಹಾಕಿ ಸಫೈರ್ ಹಾಕಿಸಿಬಿಡಿ. ಜನ್ಮದಲ್ಲಿ ಗೀರು ಬೀಳಲ್ಲ."

ಸಫೈರ್ ಅಂದರೆ ನೀಲ. ಶನಿಯ ಹರಳು. ಉಂಗುರಕ್ಕೆ ಕಟ್ಟಿಸುವ ಮೊದಲು ದಿಂಬಿನ ಕೆಳಗಿಟ್ಟು ಮಲಗಿ, ಕೆಟ್ಟ ಕನಸು ಬಿತ್ತೇ ಎಂದು ಪರೀಕ್ಷಿಸುವ ಜನ ನಾವು. ವಾಚಿಗೆ ಹಾಕುವ ನೀಲಕ್ಕೆ ಆ ಭಯ ಬೇಕಿಲ್ಲ, ಅದಕ್ಕೆ ನೀಲಿ ಬಣ್ಣವೇ ಇಲ್ಲ. ಅಪ್ಪಟ ಅಲ್ಯುಮಿನಿಯಂ ಆಕ್ಸೈಡ್ ಹರಳುಗಟ್ಟಿದರೆ ನೀರಿನಷ್ಟು ತಿಳಿ. ಅದರೊಳಗೆ ಚೂರು ಕಬ್ಬಿಣ, ಟೈಟಾನಿಯಂ ಸೇರಿದರೆ ನೀಲ. ಕ್ರೋಮಿಯಂ ಸೇರಿದರೆ ಮಾಣಿಕ್ಯ. ಅಲ್ಯುಮಿನಿಯಂ ಆಕ್ಸೈಡ್ ಪುಡಿಯನ್ನು ಎರಡು ಸಾವಿರ ಡಿಗ್ರಿಗೂ ಮೀರಿದ ಜ್ವಾಲೆಯಲ್ಲಿ ಕರಗಿಸಿ ಹರಳು ಬೆಳೆಸುವ ವಿದ್ಯೆಯನ್ನು ಫ್ರಾನ್ಸಿನ ಆಗಸ್ಟ್ ವೆರ್ನೂಯಿ 1902ರಲ್ಲೇ ಜಗತ್ತಿಗೆ ತಿಳಿಸಿದ್ದ.

ಗಡಸುತನ ಅಳೆಯುವ ಮೋಸ್ ಪಟ್ಟಿಯಲ್ಲಿ ವಜ್ರಕ್ಕೆ 10, ಸಫೈರ್‌ಗೆ 9. ಮಾಮೂಲಿ ಗಾಜು ಐದೂವರೆಯ ಆಸುಪಾಸು. ನನ್ನ ವಾಚಿನ ಗ್ಲಾಸಿನ ಪ್ಲಾಸ್ಟಿಕ್, ಅಂದರೆ ಅಕ್ರಿಲಿಕ್, ಮೂರರ ಹತ್ತಿರ ತಡವರಿಸುತ್ತದೆ. ನಮ್ಮ ದಾರಿಧೂಳಿನಲ್ಲಿರುವ ಮರಳಿನ ಕಣಕ್ಕೆ 7. ಕೆಮ್ಮಣ್ಣುಗುಂಡಿಯಿಂದ ಭದ್ರಾವತಿಯ ಕಾರ್ಖಾನೆಗೆ ಹೋಗುತ್ತಿದ್ದ ಕಬ್ಬಿಣದ ಅದಿರಿಗೂ ಸುಮಾರು 6. ಅಂದಮೇಲೆ ತರೀಕೆರೆಯ ಕೆಂಧೂಳಾಗಲಿ ಕಡೂರಿನ ಮರಳಾಗಲಿ ಸಫೈರನ್ನು ಏನೂ ಮಾಡಲಾರವು. ಅದಕ್ಕೆ ಹೆದರಿಕೆ ಸ್ವಂತ ಕುಲದವರದ್ದೇ: ಅಡಿಕೆ ಸುಲಿಯುವ ಕತ್ತಿಗೆ ಸಾಣೆ ಹಿಡಿಯುವ ಚಕ್ರದಲ್ಲಿ ಸಾಮಾನ್ಯವಾಗಿ ಇರುವುದೂ ಇದೇ ಅಲ್ಯುಮಿನಿಯಂ ಆಕ್ಸೈಡ್.

ಇಷ್ಟೆಲ್ಲ ಓದಿಕೊಂಡು ವಾಚ್ ರಿಪೇರಿಯವರ ಹತ್ತಿರ ಹೋದೆ. ಕಣ್ಣಿಗೆ ಲೆನ್ಸು ಸಿಕ್ಕಿಸಿಕೊಂಡೇ ಕೇಳಿಸಿಕೊಂಡರು. "ಹಾಕಬಹುದು ಸಾರ್. ಆದ್ರೆ ಈ ಕೇಸು ಬಗ್ಗೋ ಗ್ಲಾಸಿಗೆ ಮಾಡಿದ್ದು" ಎಂದು ಡ್ರಾಯರಿನಿಂದ ಒಂದು ಹೊಸ ಅಕ್ರಿಲಿಕ್ ತೆಗೆದರು. ಸುತ್ತ ಉಗುರುಗಳಿರುವ ಒಂದು ಸಾಧನದಲ್ಲಿ ಅದರ ಅಂಚು ಹಿಡಿದು ತಿರುಪು ತಿರುಗಿಸಿದರು. ಗ್ಲಾಸು ಮೈ ಕುಗ್ಗಿಸಿಕೊಂಡು ನಡುವೆ ಉಬ್ಬಿತು. ಹಾಗೇ ತಂದು ಕೇಸಿನ ತೋಡಿನೊಳಗೆ ಕೂರಿಸಿ ತಿರುಪು ಸಡಿಲ ಬಿಟ್ಟರು. ಟಪ್ ಎಂದು ಅಗಲವಾಗಿ ಕಚ್ಚಿಕೊಂಡಿತು. ಗೋಂದಿಲ್ಲ, ರಬ್ಬರಿಲ್ಲ. ಸಫೈರಿಗೆ ಈ ಬಗ್ಗುವ ಸ್ವಭಾವವೇ ಇಲ್ಲ. ಅದನ್ನು ಸುತ್ತಲೂ ಪಟ್ಟಿ ಕೊಟ್ಟು ಒತ್ತಿ ಕೂರಿಸಬೇಕು. ಅಳತೆ ಕೂದಲೆಳೆಯಷ್ಟು ತಪ್ಪಿದರೂ ಅಂಚು ಚಕ್ಕೆ ಏಳುತ್ತದೆ.

ಗಡಸುತನವೇ ಬೇರೆ, ಗಟ್ಟಿತನವೇ ಬೇರೆ. ಬೀರೂರಿನ ಪ್ಲಾಟ್‌ಫಾರಂ ಕಲ್ಲಿನ ಮೇಲೆ ವಾಚು ಬಿತ್ತೆನ್ನಿ. ಅಕ್ರಿಲಿಕ್ ಹೆಚ್ಚೆಂದರೆ ಸೀಳುತ್ತದೆ. ಸಫೈರ್ ಪುಡಿಯಾದರೆ, ಆ ಪುಡಿ ಚಕ್ರಗಳ ನಡುವೆ ಸೇರಿ ಒಳಗನ್ನೇ ಸಾಣೆ ಹಿಡಿಯುತ್ತದೆ. 1969ರಲ್ಲಿ ಆಲ್ಡ್ರಿನ್ ಚಂದ್ರನ ಮೇಲೆ ಕಟ್ಟಿಕೊಂಡಿದ್ದ ಒಮೆಗಾ ಸ್ಪೀಡ್‌ಮಾಸ್ಟರಿಗೂ ಇದ್ದದ್ದು ಪ್ಲಾಸ್ಟಿಕ್ ಗ್ಲಾಸೇ. ಗೀರು ಬಿದ್ದ ಅಕ್ರಿಲಿಕ್ಕಿಗೆ ಮನೆಯಲ್ಲೇ ಮದ್ದಿದೆ: ಕೇಸಿಗೆ ಟೇಪು ಸುತ್ತಿ, ಬಟ್ಟೆಗೆ ಬಿಳಿ ಟೂತ್‌ಪೇಸ್ಟು ಹಚ್ಚಿ ಸುತ್ತುಸುತ್ತಾಗಿ ಉಜ್ಜುತ್ತ ಕೂತರೆ ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಸಣ್ಣ ಗೀರೆಲ್ಲ ಮಾಯ. ನೋಟಕ್ಕೂ ಅದೇ ಹಿತ. ಸಫೈರ್ ಬೆಳಕನ್ನು ಅಕ್ರಿಲಿಕ್ಕಿನ ಸುಮಾರು ಎರಡರಷ್ಟು ಹಿಂದಕ್ಕೆ ಎಸೆಯುತ್ತದೆ. ಲೇಪನ ಕೊಡದಿದ್ದರೆ ಟೈಮಿನ ಬದಲು ಟ್ಯೂಬ್‌ಲೈಟು ಕಾಣುತ್ತದೆ.

ಹಾಗಂತ ಸಫೈರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ದಿನವಿಡೀ ಕೀಬೋರ್ಡಿನ ಮುಂದೆ ಕೂರುವ ಅಣ್ಣನ ಮಗನಿಗೆ ಅದು ಹೇಳಿ ಮಾಡಿಸಿದ್ದು. ಅಲ್ಲಿ ಬೀಳುವ ಭಯ ಕಡಿಮೆ, ಉಜ್ಜಾಟ ಜಾಸ್ತಿ. ಮೋಜೆಂದರೆ ನನ್ನ ಜನತಾದೊಳಗೂ ಆ ಕಲ್ಲು ಇದೆ. ಡಯಲಿನ ಮೇಲೆ 17 ಜ್ಯುವೆಲ್ಸ್ ಎಂದು ಬರೆದಿದೆಯಲ್ಲ, ಅವು ಕೃತಕ ಮಾಣಿಕ್ಯಗಳು, ಸಫೈರಿನ ಒಡಹುಟ್ಟುಗಳು. ಹಗಲಿರುಳು ತಿರುಗುವ ಅಚ್ಚುಗಳ ಬುಡದಲ್ಲಿ ಸವೆಯದ ಕಲ್ಲು, ಪೆಟ್ಟು ತಿನ್ನುವ ನೆತ್ತಿಯ ಮೇಲೆ ಬಗ್ಗುವ ಪ್ಲಾಸ್ಟಿಕ್. ಜನಸಾಮಾನ್ಯರಿಗೆಂದು ಮಾಡಿದ ಅಗ್ಗದ ವಾಚಿನಲ್ಲಿ ಯಾವುದು ಎಲ್ಲಿರಬೇಕೋ ಅಲ್ಲೇ ಇದೆ. ಅದನ್ನು ಅದಲುಬದಲು ಮಾಡುವ ಮನಸ್ಸಾಗಲಿಲ್ಲ. ಅಕ್ರಿಲಿಕ್ಕನ್ನೇ ಉಳಿಸಿಕೊಂಡೆ. ಸಫೈರಿಗೆಂದು ಎತ್ತಿಟ್ಟಿದ್ದ ದುಡ್ಡಿನಲ್ಲಿ ವಾಚು ಪೂರ್ತಿ ಬಿಚ್ಚಿಸಿ, ತೊಳೆಸಿ, ಎಣ್ಣೆ ಹಾಕಿಸಿಯೂ ಬಸ್ ಚಾರ್ಜಿಗೆ ಮಿಕ್ಕಿತು.