ಕಲ್ಲು ಪುಡಿಯಾದ ಬಳಿಕ

ಶ್ರೀಮಂಗಲದ ನಮ್ಮ ಮನೆಗಳಲ್ಲಿ ಮೂತ್ರಪಿಂಡದ ಕಲ್ಲಿಗೆ ಆಪರೇಷನ್ ಎಂದೊಡನೆ ಹಿರಿಯರ ಮುಖ ಬಾಡುತ್ತದೆ. ಹೊಟ್ಟೆ ಕೊಯ್ದರೆ ಮತ್ತೆ ತೋಟದ ಕೆಲಸ ಆಗದೆಂಬ ಭಯದಿಂದ ಬಾಳೆದಿಂಡಿನ ರಸ ಕುಡಿದು ದಿನ ದೂಡುತ್ತೇವೆ. ಕಲ್ಲು ತಡೆದ ಮೂತ್ರವು ಮೂತ್ರಪಿಂಡವನ್ನೇ ಕೆಡಿಸಬಲ್ಲದು; ಚಿಕಿತ್ಸೆ ಪಡೆಯಿರೆಂದು ಪ್ರವಾದಿವರ್ಯರು(ಸ) ಕಲಿಸಿರುವರಲ್ಲವೇ?

ಸಾವಿರ ವರ್ಷಗಳ ಹಿಂದೆ ಕುರ್ತುಬಾದ ವೈದ್ಯ ಅಬುಲ್ ಕಾಸಿಮ್ ಅಝ್ಝಹ್ರಾವಿಯವರು ಮೂತ್ರದ್ವಾರದಲ್ಲಿ ಸಿಕ್ಕಿಕೊಂಡ ಕಲ್ಲನ್ನು ಕೊರೆಯುವ ಸಣ್ಣ ಬೈರಿಗೆಯನ್ನು ವಿವರಿಸಿದ್ದರು. ಇಂದು ಅದೇ ದಾರಿಯಲ್ಲಿ ಕ್ಯಾಮೆರಾವುಳ್ಳ ತೆಳು ನಳಿಕೆ ಮೇಲೇರಿ, ಲೇಸರ್ ಕಲ್ಲನ್ನು ಪುಡಿಮಾಡುತ್ತದೆ, ಮೈಮೇಲೆ ಗಾಯವಿಲ್ಲ. ದೊಡ್ಡ ಕಲ್ಲಿಗೆ ಬೆನ್ನಿನಲ್ಲಿ ಸುಮಾರು 1 ಸೆಂಟಿಮೀಟರ್ ರಂಧ್ರ ಮಾಡುತ್ತಾರೆ. ರೋಬೋಟ್ ಎಂದರೂ ಅದನ್ನು ಆಡಿಸುವುದು ವೈದ್ಯರೇ. ಹೆಚ್ಚಿನ ಕಲ್ಲುಗಳಿಗೆ ಅದರ ಅಗತ್ಯವೂ ಇಲ್ಲ.

ಆದರೆ ನಮ್ಮನ್ನು ಕಾಡುವುದು ಅನಂತರದ ಮಾತು. ಅನೇಕರಿಗೆ ಒಳಗೆ ಸ್ಟೆಂಟ್ ಎಂಬ ಮೃದು ನಳಿಕೆಯಿಟ್ಟು ಕಳುಹಿಸುತ್ತಾರೆ. ವೈದ್ಯರು ಹೇಳಿದ ದಿನ ಅದನ್ನು ತೆಗೆಸದೆ ತಿಂಗಳುಗಟ್ಟಲೆ ಬಿಟ್ಟರೆ ಅದರ ಮೇಲೆಯೇ ಹೊಸ ಕಲ್ಲು ಕಟ್ಟುತ್ತದೆ. ನಮ್ಮ ಕುಟುಂಬದ ಹಿರಿಯರೊಬ್ಬರು ಮೈಸೂರಿನಿಂದ ಮರಳಿ, ನೋವು ಅಡಗಿದೊಡನೆ, ಕಾಫಿ ಕೊಯ್ಲು ಮುಗಿಯಲಿ ಎಂದರು. ಮೂತ್ರದ ಹನಿ ನಿಲ್ಲದೆಂದು ಮಸೀದಿಗೂ ಹೋಗದಾದರು. ವಕ್ತ್ ಆದ ಮೇಲೆ ಶುಚಿಗೊಳಿಸಿ, ಬಟ್ಟೆ ಕಟ್ಟಿ, ವುಝೂ ಮಾಡಿ ತಡವಿಲ್ಲದೆ ನಮಾಝ್ ನಿರ್ವಹಿಸಬಹುದೆಂದು ಉಸ್ತಾದರು ಶಾಫಿಈ ಫಿಕ್ಹ್‌ನ ವಿಧಿ ತಿಳಿಸಿದರು; ಸ್ಟೆಂಟ್ ತೆಗೆಸಲು ಬಸ್ಸು ಹತ್ತಿಸಿದವರೂ ಅವರೇ. ತೆಗೆಸುವ ದಿನ ಡಿಸ್ಚಾರ್ಜ್ ಚೀಟಿಯಲ್ಲಿರುತ್ತದೆ. ಮನೆಯ ಮಕ್ಕಳು ಅದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಲಿ.