ಅಜ್ಜಿಯ ಗೋಬರ್ ಗ್ಯಾಸೂ, ಸಮುದ್ರದ ತಳವೂ

ಬ್ಲಾಗಿನ ಕಡೆ ತಲೆ ಹಾಕಿ ಎರಡು ತಿಂಗಳಾಯ್ತು. ರಿಲೀಸು, ಡೆಡ್‌ಲೈನು ಅಂತ ಅದೇ ಹಳೇ ನೆಪಗಳು... ಇರ್ಲಿ ಬಿಡಿ.

ಹೋದ ಶನಿವಾರ ಅಪ್ಪನ ಜೊತೆ ತುಮಕೂರಿನಿಂದ ಗುಬ್ಬಿ ಹತ್ತಿರದ ಅಜ್ಜಿ ಮನೆಗೆ ಹೋಗಿದ್ದೆ. ಕೊನೇ ಹಸುವನ್ನೂ ಮಾರಿ ಆಗಿತ್ತು. ಹಿತ್ತಲಿನ ಗೋಬರ್ ಗ್ಯಾಸ್ ಗುಂಡಿ ಮುಚ್ಚಿಸೋದೊಂದು ಬಾಕಿ. ಅಜ್ಜ ಕಟ್ಟಿಸಿದ್ದು ಅದು. ಕುಣಿಗಲ್ ತಾಲ್ಲೂಕಿನ ಪುರ ಅನ್ನೋ ಹಳ್ಳೀಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ 'ಅಸ್ತ್ರ' ತಂಡದವರು 1987ರಲ್ಲಿ ಊರ ಸಗಣಿಯಿಂದಲೇ ಎಂಜಿನ್ ಓಡಿಸಿ, ದೀಪ ಹಚ್ಚಿ, ಕುಡಿಯೋ ನೀರು ಎತ್ತಿದ್ರು. ಅಜ್ಜ ಅದನ್ನ ನೋಡ್ಕೊಂಡು ಬಂದು ತಾನೂ ಗುಂಡಿ ತೋಡಿಸಿದ್ದಂತೆ. ಹಾಗಾಗಿ ಅಜ್ಜಿ ಅಪ್ಪನ ಹತ್ರ ಮಾತೇ ಬಿಟ್ಟಿದ್ಲು.

ಸ್ವಲ್ಪ ತಿಳಿ ಮಾಡೋಣ ಅಂತ ನಾನು ವಿಜ್ಞಾನ ಶುರು ಹಚ್ಚಿಕೊಂಡೆ. ಬಿಇ ಓದಿದವರ ಚಟ :-)

"ಅಜ್ಜೀ, ನಿನ್ನ ಗುಂಡೀಲಿ ಬರೋ ಗ್ಯಾಸು ಸಮುದ್ರದ ತಳದಲ್ಲೂ ಇದೆ, ಗೊತ್ತಾ?"

ಸುಳ್ಳಲ್ಲ. 2006ರಲ್ಲಿ ಜಾಯ್ಡೆಸ್ ರೆಸಲ್ಯೂಷನ್ ಅನ್ನೋ ಹಡಗು ಬಂಗಾಳ ಕೊಲ್ಲಿಯ ಕೃಷ್ಣಾ-ಗೋದಾವರಿ ಬೇಸಿನ್‌ನಲ್ಲಿ ತಳ ಕೊರೆದಾಗ, ಒಂದು ಕಡೆ ಸುಮಾರು 130 ಮೀಟರ್ ದಪ್ಪಕ್ಕೆ ಮೀಥೇನ್ ಹೈಡ್ರೇಟ್ ಸಿಕ್ಕಿತು. ಆಳದ ತಣ್ಣಗೆ, ಒತ್ತಡಕ್ಕೆ ನೀರು ಮೀಥೇನನ್ನ ಒಳಗೆ ಹಿಡಿದುಕೊಂಡು ಮಂಜುಗಡ್ಡೆ ಥರ ಆಗಿರುತ್ತೆ. ಕಡ್ಡಿ ಗೀರಿದ್ರೆ ಉರಿಯುತ್ತೆ!

ಆ ಗ್ಯಾಸು ಭೂಮಿಯ ಬಿಸಿಗೆ ಬೆಂದು ಹುಟ್ಟಿದ್ದಾ, ಸೂಕ್ಷ್ಮಜೀವಿಗಳು ಮಾಡಿದ್ದಾ? ಕಾರ್ಬನ್ನೇ ಹೇಳುತ್ತೆ. ಕಾರ್ಬನ್‌ನಲ್ಲಿ 12ರದ್ದು ಹಗುರ, 13ರದ್ದು ಭಾರ. ಭಾರದ್ದು ನೂರಕ್ಕೆ ಒಂದರಷ್ಟು. ಮಂಡಿಯ ಹಮಾಲಿ ಹಗುರ ಮೂಟೆಗೇ ಮೊದಲು ಕೈ ಹಾಕೋ ಹಾಗೆ, ಈ ಜೀವಿಗಳೂ 12ನ್ನೇ ಹೆಚ್ಚು ಎತ್ತಿಕೊಳ್ತವೆ. ಹಾಗಾಗಿ ಅವು ಮಾಡಿದ ಮೀಥೇನ್‌ನಲ್ಲಿ 13ಕ್ಕೆ ಬರ. ಒಂದು ಗೊತ್ತಾದ ಮಾದರಿಗೆ ಹೋಲಿಸಿದಾಗ 13ರ ಕೊರತೆ ಸಾವಿರಕ್ಕೆ 60 ದಾಟಿದ್ರೆ ಸಾಮಾನ್ಯವಾಗಿ ಜೀವಿಗಳ ಕೆಲಸ. 20ರಿಂದ 50 ಇದ್ರೆ ಬಿಸಿಯ ಕೆಲಸ ಅಂತ ಲೆಕ್ಕ. ಕೃಷ್ಣಾ-ಗೋದಾವರಿಯದ್ದು ಬಹುಪಾಲು ಜೀವಿಗಳದ್ದೇ.

ಅಜ್ಜಿ ಎಲ್ಲಾ ಕೇಳಿ, "ಹಸ ಏನ್ ತಿಂದಿತ್ತು ಅನ್ನೋದ್ರ ಮ್ಯಾಲೂ ಇರುತ್ತಲ್ವಾ ಮಗ? ರಾಗಿ ಹುಲ್ಲಿಂದು ಒಂಥರ, ಭತ್ತದ ಹುಲ್ಲಿಂದು ಒಂಥರ" ಅಂದ್ಲು.

"ಅದೆಲ್ಲಾ ಏನಿಲ್ಲ ಅಜ್ಜಿ, ಮೀಥೇನ್ ಅಂದ್ರೆ ಮೀಥೇನ್" ಅಂದುಬಿಟ್ಟೆ. ಅಜ್ಜಿ ಸುಮ್ಮನಾದ್ಲು.

ರಾತ್ರಿ ತುಮಕೂರಿಗೆ ಬಂದ ಮೇಲೂ ಆ ಮಾತು ಕೊರೀತಾ ಇತ್ತು. ಹುಡುಕಿ ಓದಿದೆ. ರಾಗಿಯೂ ಭತ್ತವೂ ಗಾಳಿಯಿಂದ ಕಾರ್ಬನ್ ಹಿಡಿಯೋ ದಾರಿಯೇ ಬೇರೆ ಬೇರೆ. ಭತ್ತದಂಥ ಗಿಡದಲ್ಲಿ 13ರ ಕೊರತೆ 27ರ ಆಸುಪಾಸು, ರಾಗಿಯಂಥದ್ರಲ್ಲಿ ಬರೀ 12ರ ಆಸುಪಾಸು. ಆ ವ್ಯತ್ಯಾಸ ಹಸುವಿನ ಹೊಟ್ಟೆ ದಾಟಿ ಮೀಥೇನ್‌ವರೆಗೂ ಬರುತ್ತೆ. ಅಂದ್ರೆ ಬರೀ ಅಂಕಿ ನೋಡಿದವರು ರಾಗಿ ಹುಲ್ಲು ತಿಂದ ಹಸುವಿನ ಗ್ಯಾಸನ್ನ ಭೂಮಿಯ ಬಿಸಿಗೆ ಬೆಂದದ್ದು ಅಂತ ತಪ್ಪು ತಿಳಿಯಬಹುದು. 2007ರಿಂದ ಗಾಳೀಲಿ ಮೀಥೇನ್ ಮತ್ತೆ ಏರ್ತಾ ಇದೆ, ಜೊತೆಗೆ 13ರ ಪಾಲು ಇಳೀತಾ ಇದೆ. ಯಾರ ಪಾಲು ಎಷ್ಟು ಅಂತ ಲೆಕ್ಕ ಹಾಕೋ ವಿಜ್ಞಾನಿಗಳು ಹಸು ಏನು ತಿಂತು ಅಂತಲೂ ಕೇಳಲೇಬೇಕು. ಅಜ್ಜಿ ಕೇಳಿದ್ದೂ ಅದನ್ನೇ.

ಬೆಳಿಗ್ಗೆ ಎದ್ದು ಫೋನ್ ಮಾಡಿದೆ. "ಅಜ್ಜೀ, ನೀನು ಹೇಳಿದ್ದೇ ಸರಿ."

"ಅದಿರ್ಲಿ. ಗುಂಡಿ ಮುಚ್ಚಬ್ಯಾಡ್ರೋ ಅಂದಿದ್ನಲ್ಲ, ಅದು? ಪಕ್ಕದ ಮನೆ ಸಗಣಿ ಸಾಕು ಕಣ್ ಮಗ ನಂಗೊಬ್ಳಿಗೆ."

ಸೋಮವಾರ ಬರಬೇಕಿದ್ದ ಮಣ್ಣಿನ ಟ್ರ್ಯಾಕ್ಟರನ್ನ ಸದ್ಯಕ್ಕೆ ಬೇಡ ಅಂತ ಅಪ್ಪನಿಗೆ ಹೇಳಿ ನಿಲ್ಲಿಸಿದೀನಿ. ಈಗ ಅಪ್ಪ ನನ್ನ ಹತ್ರ ಮಾತು ಬಿಟ್ಟಿದಾರೆ :-)

ನಿಮ್ಮೂರ ಮನೇಲೂ ಗೋಬರ್ ಗ್ಯಾಸ್ ಇತ್ತಾ? ಹಸುಗೆ ಯಾವ ಹುಲ್ಲು ಹಾಕ್ತಿದ್ರಿ?